ಮಳೆಯ ಲೆಕ್ಕ ಸಾಲದು, ಸಂತೆಯ ಲೆಕ್ಕವೂ ಬೇಕು

ಹೂಮಳೆ ಬಿದ್ದ ಮರುದಿನ ಸಂಘದ ಕಚೇರಿಗೆ ಬರುವ ಸದಸ್ಯರ ಮೊದಲ ಮಾತು ಒಂದೇ: "ನಿಮ್ಮಲ್ಲಿ ಎಷ್ಟು ಬಿತ್ತು?" ಒಬ್ಬರು ಒಂದು ಇಂಚು ಇಪ್ಪತ್ತು ಸೆಂಟು ಎನ್ನುತ್ತಾರೆ. ಗುಡ್ಡದಾಚೆಯವರು ಬರೀ ಮೂವತ್ತು ಸೆಂಟು ಎಂದು ಮುಖ ಸಪ್ಪೆ ಮಾಡುತ್ತಾರೆ. ಅಜ್ಜನ ಕಾಲದ ಮಳೆ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳು ನಮ್ಮಲ್ಲಿವೆ. ಮಳೆ ಅಳೆಯುವುದರಲ್ಲಿ ಕಾಫಿ ಬೆಳೆಗಾರನನ್ನು ಮೀರಿಸುವವರಿಲ್ಲವೆಂದು ನಾವು ಬೀಗುವುದೂ ಉಂಟು.

ಸರ್ಕಾರವೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಬರದ ಉಸ್ತುವಾರಿಗೆಂದೇ ಒಂದು ಕೋಶವನ್ನು 1988ರಲ್ಲಿ ದೇಶದಲ್ಲೇ ಮೊದಲಾಗಿ ಸ್ಥಾಪಿಸಿದ್ದು ಕರ್ನಾಟಕ. ಅದೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಹಳ್ಳಿಗಾಡಿನಲ್ಲಿ ನೆಟ್ಟ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಲೆಕ್ಕ ತರಿಸಿಕೊಳ್ಳುವ ವ್ಯವಸ್ಥೆ ಅದಕ್ಕಿದೆ. ಮೆಚ್ಚತಕ್ಕ ಮಾತು. ಆದರೆ ಬರವೆಂಬುದು ಮಾಪಕದ ಡಬ್ಬಿಯೊಳಗೆ ಮಾತ್ರ ಇರುವುದಿಲ್ಲ.

ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮೊದಲು ಮಳೆಯ ಕೊರತೆ ನೋಡಬೇಕು. ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ. ಕೊನೆಗೆ ಕೆಲವು ಹಳ್ಳಿಗಳಲ್ಲಿ ಹೊಲಕ್ಕಿಳಿದು ಪರೀಕ್ಷೆ. ಇಷ್ಟೆಲ್ಲ ಮುಗಿದು ಹಣ ಬರುವಷ್ಟರಲ್ಲಿ ಏನಾಗುತ್ತದೆಂಬುದಕ್ಕೆ 2023 ಸಾಕ್ಷಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು, ಮಲೆನಾಡಿನವೂ ಅದರಲ್ಲಿದ್ದವು. ಮೊದಲ ಪಟ್ಟಿ ಸೆಪ್ಟೆಂಬರಿನಲ್ಲೇ ಹೊರಬಿತ್ತು. ಕೇಂದ್ರದ 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ.

ಬೆಳೆಗಾರ ಹೇಗೋ ತಡೆದುಕೊಂಡಾನು. ಸಂಘದಲ್ಲಿ ಸಾಲವಿದೆ, ಗೋದಾಮಿನಲ್ಲಿ ನಾಲ್ಕು ಚೀಲ ಅಡಿಕೆ ಇದ್ದೀತು. ಬಯಲುಸೀಮೆಯ ಕುರಿಗಾರನಿಗೆ ಅವನ ಹಿಂಡೇ ಗೋದಾಮು, ಹಿಂಡೇ ಬ್ಯಾಂಕು. ಮೇವು ಒಣಗಿದೊಡನೆ ಅವನು ಒಂದೆರಡು ಕುರಿ ಮಾರುತ್ತಾನೆ. ಅದೇ ವಾರ ಸುತ್ತಲಿನ ಹತ್ತು ಹಟ್ಟಿಯವರೂ ಮಾರುತ್ತಾರೆ. ಸಂತೆಯಲ್ಲಿ ಕುರಿಯ ಬೆಲೆ ಇಳಿಯುತ್ತದೆ, ರಾಗಿಯ ಬೆಲೆ ಏರುತ್ತದೆ. ಒಳ್ಳೆಯ ವರ್ಷದಲ್ಲಿ ಒಂದು ಕುರಿಗೆ ಎರಡು ಕ್ವಿಂಟಾಲ್ ರಾಗಿ ಸಿಗುತ್ತಿತ್ತೆಂದು ಇಟ್ಟುಕೊಳ್ಳಿ. ಒಂದೇ ಕ್ವಿಂಟಾಲ್ ಸಿಗುವ ದಿನ ಬಂದರೆ ಅವನ ಮನೆಯ ಊಟ ಅರ್ಧಕ್ಕಿಳಿದಂತೆ. ಆಗ ಗಬ್ಬದ ಕುರಿಯನ್ನೂ ಹೊಡೆದುಕೊಂಡು ಸಂತೆಗೆ ಹೋಗುತ್ತಾನೆ. ಅಲ್ಲಿಗೆ ಮುಂದಿನ ವರ್ಷದ ಹಿಂಡೂ ಹೋಯಿತು. ಸತ್ತ ಕುರಿಗೆ ಪರಿಹಾರದ ನಿಯಮವುಂಟು, ಅಗ್ಗಕ್ಕೆ ಮಾರಿದ ಕುರಿಗೆ ಇಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆ ಪರಿಹಾರವಂತೂ ದೂರದ ಮಾತು.

ಇದನ್ನು ಮುಂಚಿತವಾಗಿ ತಿಳಿಯಲು ಸಾಧ್ಯವಿಲ್ಲವೆ? ಕಾಫಿ ಹರಾಜಿನ ಸುದ್ದಿಯಿಂದ ನಮಗೆ ಪರಿಚಿತವಾದ ಕೀನ್ಯಾ ದೇಶದಲ್ಲಿ ಈ ಕೆಲಸ ನಡೆಯುತ್ತಿದೆ. ಅಲ್ಲಿನ ಒಣಸೀಮೆಯ 23 ಕೌಂಟಿಗಳಲ್ಲಿ ರಾಷ್ಟ್ರೀಯ ಬರ ನಿರ್ವಹಣಾ ಪ್ರಾಧಿಕಾರವು ತಿಂಗಳಿಗೊಮ್ಮೆ ವರದಿ ಹೊರಡಿಸುತ್ತದೆ. ಮಳೆ, ಹಸಿರಿನ ಜೊತೆಗೆ ಅದರಲ್ಲಿ ಮನೆಮನೆಯ ಹಾಲಿನ ಪ್ರಮಾಣ, ನೀರಿಗೆ ದನ ನಡೆಯುವ ದೂರ, ಮೇಕೆಯ ಬೆಲೆ, ಮೆಕ್ಕೆಜೋಳದ ಬೆಲೆ, ಎಳೆಯ ಮಕ್ಕಳ ತೋಳಿನ ಸುತ್ತಳತೆ ಎಲ್ಲವೂ ಇರುತ್ತವೆ. ಇದರಿಂದಲೇ ಅಲ್ಲಿ ಎಲ್ಲ ನೆಟ್ಟಗಾಯಿತೆಂದು ನಾವು ಹೇಳುತ್ತಿಲ್ಲ. 2020ರಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟಾಗ ಅಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಎಚ್ಚರಿಕೆಯ ಹಿಂದೆಯೇ ಹಣವೂ ಮೇವೂ ಹೊರಡದಿದ್ದರೆ ವರದಿ ಬರೀ ಕಾಗದ. ಆದರೂ ಅಲ್ಲಿ ಯಾರಿಗೆ, ಯಾವಾಗ ಕಷ್ಟ ಬಂತೆಂಬುದು ಕಾಗದದಲ್ಲಾದರೂ ಇದೆ. ನಮ್ಮ ಕುರಿಗಾರನ ಕಷ್ಟ ದಲ್ಲಾಳಿಯ ಚೀಟಿಯಲ್ಲಿ ಮಾತ್ರ ಇದೆ.

ಕಾಫಿ ಅಡಿಕೆಯವರಿಗೇಕೆ ಕುರಿಯ ಗೊಡವೆ ಎಂದು ಸದಸ್ಯ ಬಾಂಧವರು ಕೇಳಬಹುದು. ಶಿರಾ, ಹಿರಿಯೂರು, ಚಳ್ಳಕೆರೆ ಕಡೆಯಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರ ಯಾರ ತೋಟಕ್ಕೆ ಬೀಳುತ್ತದೆ? ಹಿಂಡು ಕರಗಿದರೆ ಗೊಬ್ಬರದ ದರ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ಅರೆಮಲೆನಾಡಿನಿಂದ ಬಯಲಿನವರೆಗೆ ಅಡಿಕೆ ಹಬ್ಬಿದಂತೆಲ್ಲ ಮಂದೆ ತಂಗುತ್ತಿದ್ದ ಎಷ್ಟೋ ಬೀಳುಭೂಮಿಗೆ ತಂತಿಬೇಲಿ ಬಿದ್ದಿದೆ. ಬೇಲಿ ಹಾಕಿದವರಲ್ಲಿ ನಾವೂ ಇದ್ದೇವೆ.

ಆದ್ದರಿಂದ ನಮ್ಮದೊಂದು ಸಲಹೆ. ಸಂಘದ ಪ್ರತಿ ಡಿಪೋದಲ್ಲಿ ಒಂದು ಪುಸ್ತಕ ಇಡೋಣ. ಸದಸ್ಯರ ಮನೆಯ ಮಳೆ ಲೆಕ್ಕ ವಾರಕ್ಕೊಮ್ಮೆ ಅದರಲ್ಲಿ ಏರಲಿ. ಗೊಬ್ಬರ ತರಲು ಬಯಲುಸೀಮೆಗೆ ಹೋಗುವ ನಮ್ಮ ಗುಮಾಸ್ತರು ಅಲ್ಲಿನ ಸಂತೆಯ ಕುರಿ ಬೆಲೆ, ರಾಗಿ ಬೆಲೆ, ಒಂದು ಹೊರೆ ಹುಲ್ಲಿನ ಬೆಲೆಯನ್ನೂ ಬರೆದು ತರಲಿ. ತಗಲುವ ಖರ್ಚು ಒಂದು ಪುಸ್ತಕ, ಒಂದು ಪೆನ್ನು. ತಿಂಗಳ ಕೊನೆಗೆ ಒಂದು ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೆ, ಒಂದು ಪ್ರತಿ ಪಶುಸಂಗೋಪನಾ ಇಲಾಖೆಗೆ ಹೋಗಲಿ. ಕುರಿ ಅಗ್ಗವಾಗಿ ರಾಗಿ ತುಟ್ಟಿಯಾದ ತಿಂಗಳೇ ಮೇವು ಬ್ಯಾಂಕ್ ತೆರೆಯಿರೆಂದು ಕೇಳಲು ನಮ್ಮ ಕೈಯಲ್ಲಿ ಆಗ ಲೆಕ್ಕವಿರುತ್ತದೆ. ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರಿದ್ದೇವೆ.