ಆರು ಮಿಲಿಮೀಟರಿನ ರಾಜಕಾರಣ

ಕನ್ನಡದಲ್ಲಿ ‘ಪ್ರಮಾಣ’ ಎಂದರೆ ಅಳತೆ. ‘ಪ್ರಮಾಣ’ ಎಂದರೆ ಆಣೆಯೂ ಹೌದು. ಎಲ್ಲರೂ ಒಪ್ಪಿಕೊಂಡ ಅಳತೆಯೆಂದರೆ ಒಬ್ಬರಿಗೊಬ್ಬರು ಕೊಟ್ಟ ಮಾತು. ಸೈಕಲ್ ಉದ್ಯಮ ಈ ಮಾತನ್ನು ಪದೇ ಪದೇ ಮುರಿಯುತ್ತದೆ, ಮುರಿದದ್ದಕ್ಕೆ ‘ಹೊಸ ಸ್ಟ್ಯಾಂಡರ್ಡ್’ ಎಂದು ಹೆಸರಿಡುತ್ತದೆ. ಬರೀ ಫ್ರೇಮು ತಂದು ಮೌಂಟನ್ ಬೈಕ್ ಕಟ್ಟಲು ಕೂತವರಿಗೆ ಇದು ಮೊದಲ ದಿನವೇ ಗೊತ್ತಾಗುತ್ತದೆ.

ನಾನು ಹಾಗೆ ಕಟ್ಟುವವನು. ನನ್ನ ಹಳೇ ಸೈಕಲ್ಲಿನ ಹಿಂದಿನ ಚಕ್ರ ಈಗಲೂ ಗಟ್ಟಿಮುಟ್ಟಾಗಿದೆ. ಆದರೆ ಅದರ ಹಬ್ಬಿನ ಅಗಲ 142 ಮಿಲಿಮೀಟರ್. ಇಂದಿನ ಬಹುಪಾಲು ಫ್ರೇಮುಗಳು ಕೇಳುವುದು 148. ಆ ಕಡೆ ಮೂರು, ಈ ಕಡೆ ಮೂರು. ಅಷ್ಟಕ್ಕೇ ಒಳ್ಳೆಯ ಚಕ್ರವೊಂದು ಅನಾಥ. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ ಕತೆ ಇನ್ನೂ ಸೊಗಸು: ತಿರುಪಿನದೊಂದು, ಒತ್ತಿ ಕೂರಿಸುವುದೊಂದು, ಒತ್ತುವುದರಲ್ಲೇ 41 ಮಿಲಿಮೀಟರಿನದು, 42ರದು, 46ರದು. ಒಂದಕ್ಕೆ ಕೊಂಡ ಸಲಕರಣೆ ಇನ್ನೊಂದಕ್ಕೆ ಬಾರದು.

ಈ ಸೈಕಲ್ಲು ಹುಟ್ಟಿದ್ದು ಹೇಗೆಂದು ನೆನೆದರೆ ಸಿಟ್ಟು ಹೆಚ್ಚುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930-40ರ ದಶಕಗಳ ಶ್ವಿನ್ ಫ್ರೇಮುಗಳನ್ನು ಹುಡುಕಿ ತಂದು, ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರ್, ಟೂರಿಂಗ್ ಸೈಕಲ್ಲಿನ ಗೇರು ಜೋಡಿಸಿ ಬೆಟ್ಟ ಇಳಿದರು. 1976ರಲ್ಲಿ ಶುರುವಾದ ಅವರ ಪಂದ್ಯದ ಹೆಸರೇ ‘ರಿಪ್ಯಾಕ್’: ಇಳಿದು ಮುಗಿಸುವಷ್ಟರಲ್ಲಿ ಹಬ್ಬಿನ ಬ್ರೇಕಿನ ಗ್ರೀಸು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಜೋ ಬ್ರೀಜ್ ಇದಕ್ಕೆಂದೇ ಫ್ರೇಮು ಕಟ್ಟಿದ್ದು 1977ರಲ್ಲಿ. ಅಂದರೆ ಗುಜರಿಯ ಜಾಣತನ ಮೊದಲು, ಕಂಪನಿ ಆಮೇಲೆ. ಇಂದು ಅದೇ ಜಾಣತನಕ್ಕೆ ಬಾಗಿಲು ಮುಚ್ಚಲಾಗಿದೆ.

‘ಅಗಲವಾದ ಹಬ್ಬಿನಿಂದ 29 ಇಂಚಿನ ಚಕ್ರ ಗಟ್ಟಿಯಾಗುತ್ತದೆ’ ಎಂಬುದು ಅವರ ವಾದ. ಸುಳ್ಳಲ್ಲ. ಡಿಸ್ಕ್ ಬ್ರೇಕನ್ನು ನಾನೂ ಬಿಟ್ಟುಕೊಡಲಾರೆ. ಆದರೆ ಪ್ರತಿ ಸಣ್ಣ ಸುಧಾರಣೆಗೂ ಹಳೆಯದನ್ನೆಲ್ಲ ಎಸೆಯಬೇಕೆಂಬುದು ಎಂಜಿನಿಯರಿಂಗ್ ಅಲ್ಲ, ವ್ಯಾಪಾರ. ಒಪ್ಪಂದ ಸಾಧ್ಯವೇ ಇಲ್ಲವೆ? ಹಿಂದಿನ ಡಿರೇಲರ್ ನೇತಾಡುವ ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಬಗೆಯಿತ್ತು. 2019ರಲ್ಲಿ ಸ್ರಾಮ್ ಕಂಪನಿ ಎಲ್ಲಕ್ಕೂ ಹೊಂದುವ ಒಂದೇ ಹ್ಯಾಂಗರ್ ತಂದಿತು, ಉಳಿದ ಕಂಪನಿಗಳು ಒಪ್ಪಿದವು. 2023ರಲ್ಲಿ ಅದೇ ಜಾಗಕ್ಕೆ ಮಾತ್ರ ಕೂರುವ ತನ್ನ ದುಬಾರಿ ಗೇರನ್ನೂ ಸ್ರಾಮ್ ಮಾರಲು ತಂದಿತು! ಲಾಭವಿದ್ದಾಗ ಒಗ್ಗಟ್ಟು ಕಷ್ಟವಲ್ಲ.

ನಮ್ಮೂರಿನ ಸೈಕಲ್ ಶಾಪನ್ನು ನೋಡಿ. ಕರಿ ಸೈಕಲ್ಲು ಹೀರೋ ಇರಲಿ, ಅಟ್ಲಾಸ್ ಇರಲಿ, ಅದೇ ಸ್ಪೋಕು, ಅದೇ ಚೈನು, ಅದೇ ಸ್ಪ್ಯಾನರು. ಆ ಮೇಸ್ತ್ರಿಯ ವಿದ್ಯೆ ಮೂವತ್ತು ವರ್ಷ ಬಾಳುವುದು ಅಳತೆ ಬದಲಾಗದಿದ್ದರೆ ಮಾತ್ರ. ಅಳತೆ ಬದಲಿಸಿದವರು ಚಕ್ರವನ್ನಷ್ಟೇ ಅಲ್ಲ, ಅವನ ಕೈಯನ್ನೂ ಗುಜರಿಗೆ ಹಾಕುತ್ತಾರೆ. ಕಾಸಿಲ್ಲದ ವಿದ್ಯಾರ್ಥಿ ಹಳೇ ಭಾಗ ಕೂಡಿಸಿ ಸೈಕಲ್ ಕಟ್ಟುವ ದಾರಿಯೂ ಅಲ್ಲಿಗೆ ಮುಚ್ಚುತ್ತದೆ.

ಆದ್ದರಿಂದ ಫ್ರೇಮು ಕೊಳ್ಳುವಾಗ ಬಣ್ಣಕ್ಕೂ ಮೊದಲು ಅಳತೆ ಕೇಳಿ. ತಿರುಪಿನ ಬಾಟಮ್ ಬ್ರಾಕೆಟ್ ಇಲ್ಲದ್ದನ್ನು ಬೇಡವೆನ್ನಿ. ಒತ್ತಿ ಕೂರಿಸಿದವು ಕಿರುಗುಟ್ಟುತ್ತವೆಂದು ಸವಾರರು ಬೈದು ಬೈದೇ ಹಲವು ಕಂಪನಿಗಳು ತಿರುಪಿಗೆ ಮರಳಿವೆ. ಗೊಣಗುವುದಕ್ಕೂ ಬೆಲೆಯಿದೆ, ಇನ್ನಷ್ಟು ಜೋರಾಗಿ ಗೊಣಗೋಣ.