ಜಾಮೀನಿನ ಸಹಿ

ಸಹೋದ್ಯೋಗಿಯೊಬ್ಬರು ಪತ್ತಿನ ಸಂಘದ ಸಾಲದ ಅರ್ಜಿಯನ್ನು ಮುಂದಿಟ್ಟಾಗ, ಓದದೆಯೇ ಜಾಮೀನಿನ ಸಹಿ ಹಾಕಿದೆ. ಮನೆಯಲ್ಲಿ ಹೇಳಲೂ ಇಲ್ಲ. ಕೇಳಿದವರಿಗೆ ಇಲ್ಲವೆನ್ನದಿರುವುದೇ ಸಜ್ಜನಿಕೆಯೆಂದು ನಂಬಿದ್ದೆ. ಎಂಟು ತಿಂಗಳಲ್ಲಿ ಅವರ ಕಂತು ನಿಂತಿತು. ನನ್ನ ಸಂಬಳದಲ್ಲಿ ಕಡಿತ ಮೊದಲಾಯಿತು. ದೀಪಾವಳಿಗೆ ಮಗಳಿಗೆ ಹೊಸ ಲಂಗ ಬರಲಿಲ್ಲ. ಮನೆಯಾಕೆ ಏನೂ ಆಡಲಿಲ್ಲ; ಆ ಮೌನವೇ ಹೆಚ್ಚು ಚುಚ್ಚಿತು.

ರಜೆಯಲ್ಲಿ ಪುರ್ತಗೇರಿಗೆ ಹೋದಾಗ ಕಾಕಾನ ಮುಂದೆ ಅಳಲನ್ನು ತೋಡಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: “ಸಹಿ ಮಾಡೂಕಿಂತ ಮೊದಲ ಅವರ ಮನೀಗೆ ಹೋಗಿದ್ದೇನೋ ತಮ್ಮಾ?”

ಹೋಗಿರಲಿಲ್ಲ.

ಆ ಪ್ರಶ್ನೆಯಿಂದ ನಮ್ಮ ಗದಗ ಸೀಮೆಯ ಹಳೆಯ ಸಂಗತಿಯೊಂದು ನನಗೆ ಹೊಸದಾಗಿ ಕಂಡಿತು. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದಕ್ಕೆ ಹಿರಿಯ ಸ್ಥಾನವಿದೆ. ಆ ಕಾಯಿದೆಯಂತೆ ಗ್ರಾಮ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯನ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಅವನ ಹೊಲಮನೆಗಳೂ ಸಾಲಕ್ಕೆ ಬಾಧ್ಯ. 19ನೆಯ ಶತಮಾನದಲ್ಲಿ ಜರ್ಮನಿಯ ರೈಫೈಸನ್ ತನ್ನ ಹಳ್ಳಿಗಳಲ್ಲಿ ನಡೆಸಿದ ಪದ್ಧತಿಯೇ ಇದಕ್ಕೆ ಮಾದರಿ.

ಕಠಿನವೆನಿಸುವ ಈ ನಿಯಮದಲ್ಲಿ ಒಂದು ವಿವೇಕವಿದೆ. ಯಾರ ಬಾವಿಯಲ್ಲಿ ನೀರಿದೆ, ಯಾರು ಬೀಜದ ಹಣವನ್ನು ಮದುವೆಗೆ ಸುರಿದರು ಎಂಬುದನ್ನು ಒಂದೇ ಊರಿನವರು ಬಲ್ಲರು. ಹೊಣೆ ಎಲ್ಲರದಾದುದರಿಂದ ಎಚ್ಚರವೂ ಎಲ್ಲರದು. ನಗರದ ನಾವು ಜಾಮೀನಿನ ಕಾಗದವನ್ನು ಉಳಿಸಿಕೊಂಡೆವು. ನೆರೆಯವನ ಕಣ್ಣನ್ನು ಕಳೆದುಕೊಂಡೆವು.

ಮನಸ್ಸಿನಲ್ಲಿ ನಾವು ಇರಿಸಿಕೊಂಡಿರುವ ಇಂಥ ಅಚ್ಚುಗಳನ್ನು ಮನೋಮಾದರಿಗಳೆನ್ನುತ್ತಾರೆ. ಅವಿಲ್ಲದೆ ಸಂಸಾರವೂ ನಡೆಯದು, ಸಂಸ್ಥೆಯೂ ನಡೆಯದು. ಆದರೆ ಅಚ್ಚನ್ನು ಎತ್ತಿಕೊಳ್ಳುವ ಮುನ್ನ, ಅದು ಅಲ್ಲಿ ಏಕೆ ಫಲಿಸಿತೆಂದು ಕೇಳಬೇಕು. ಕಾಲೇಜಿನ ಸಮಿತಿಗಳಲ್ಲಿಯೂ ‘ಎಲ್ಲರ ಹೊಣೆ’ ಎನ್ನುತ್ತೇವೆ. ಯಾರ ಹೊಲವೂ ಪಣಕ್ಕಿಲ್ಲದ ಕಾರಣ ಅದು ಯಾರ ಹೊಣೆಯೂ ಆಗದೆ ಹೋಗುತ್ತದೆ. ಅಜ್ಜನ ಕಾಲದ ಒಂದೇ ಗಂಟಿನ ಸಂಸಾರವೂ ಒಂದೇ ಪಂಕ್ತಿಯಲ್ಲಿ ಉಂಡವರಿಗೆ ಒಗ್ಗಿದ್ದಿತು. ಮೂರು ಊರುಗಳಲ್ಲಿರುವ ಅಣ್ಣತಮ್ಮಂದಿರಿಗೆ ಅದೇ ಜಗಳದ ಮೂಲವಾದೀತು.

ಕಳೆದ ತಿಂಗಳು ಇನ್ನೊಬ್ಬ ಮಿತ್ರರು ಅರ್ಜಿ ತಂದರು. “ಸಂಜೆ ನಾವಿಬ್ಬರೂ ನಿಮ್ಮ ಮನೆಗೆ ಬರುತ್ತೇವೆ” ಎಂದೆ. ಸಾಲ ಅವರ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ. ಕಂತಿನ ಲೆಕ್ಕವನ್ನು ಅವರ ಮಡದಿಯೇ ಒಪ್ಪಿಸಿದರು. ನನ್ನಾಕೆ ಅರ್ಜಿಯನ್ನು ಪೂರ್ತಿ ಓದಿ, ನನ್ನ ಕೈಗೆ ಲೇಖನಿ ಕೊಟ್ಟಳು.