ಮಿಂಚಂಚೆಗೆ ಯಾವ ತಂತ್ರಾಂಶ?

ಹಾಸನದಲ್ಲಿ ಮುಖ್ಯ ಕಚೇರಿಯೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಾಖೆಗಳೂ ಇರುವ ಒಂದು ಸಹಕಾರ ಸಂಘವನ್ನು ವಾಚಕರು ಊಹಿಸಿಕೊಳ್ಳಲಿ. ಸಂಘದವರು ತಮ್ಮದೇ ಹೆಸರಿನ ಇ-ಮೇಲ್ ವಿಳಾಸ ಬೇಕೆಂದು ಬಯಸಿ, ಲಿನಕ್ಸ್ ನಡೆಯುವ ಒಂದು ಕಂಪ್ಯೂಟರನ್ನು ಅಂಚೆಯ ಕೆಲಸಕ್ಕೆ ಮೀಸಲಿಟ್ಟಿದ್ದಾರೆ. ಯೂನಿಕ್ಸ್ ಸಂಪ್ರದಾಯದ ಇಂಥ ಯಂತ್ರಕ್ಕೆ ಅಂಚೆಯ ತಂತ್ರಾಂಶಗಳು ಹಲವು ಉಂಟು; ಹೆಸರಾದವೆಲ್ಲ ಉಚಿತವಾಗಿಯೇ ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು? ಹೆಚ್ಚು ಸೌಲಭ್ಯಗಳುಳ್ಳದ್ದನ್ನು ಎನ್ನುವವರೇ ಬಹಳ ಮಂದಿ. ಕೆಟ್ಟಾಗ ಯಾವುದರಿಂದ ಅತ್ಯಲ್ಪ ಹಾನಿಯಾಗುವುದೋ ಅದನ್ನು ಆರಿಸಬೇಕೆಂಬುದು ನನ್ನ ಮತ.

1980ರ ದಶಕದ ಆರಂಭದಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ ರಚಿಸಿದ ಸೆಂಡ್‌ಮೇಲ್ ಬಹುಕಾಲ ಯೂನಿಕ್ಸಿನ ಅಂಚೆಯಣ್ಣನಾಗಿತ್ತು. ಬಾಗಿಲಲ್ಲಿ ಕಾಗದ ಪಡೆಯುವುದು, ವಿಂಗಡಿಸುವುದು, ಬಟವಾಡೆಗೆ ಕಳುಹಿಸುವುದು ಎಲ್ಲವೂ ಒಂದೇ ದೊಡ್ಡ ಕ್ರಮವಿಧಿಯ ಹೊಣೆ. ಅದೂ ಯಂತ್ರದ ಮೇಲೆ ಸರ್ವಾಧಿಕಾರವುಳ್ಳ 'ರೂಟ್' ಎಂಬ ಒಡೆಯನ ಹೆಸರಿನಲ್ಲಿ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ 'ಹುಳು' ಎಂಬ ಕ್ರಮವಿಧಿ ಸಾವಿರಾರು ಯಂತ್ರಗಳನ್ನು ಹೊಕ್ಕಿತು. ಅದು ಹಿಡಿದ ದಾರಿಗಳಲ್ಲೊಂದು, ಸೆಂಡ್‌ಮೇಲಿನಲ್ಲಿ ಪರೀಕ್ಷೆಗೆಂದು ಇಟ್ಟು ಮುಚ್ಚದೆ ಬಿಟ್ಟಿದ್ದ ಕಿಂಡಿ. ಆಲ್ಮನ್ನರನ್ನು ದೂಷಿಸಲಾರೆ, ಬಗೆಬಗೆಯ ಜಾಲಗಳು ಬಗೆಬಗೆಯಾಗಿ ವಿಳಾಸ ಬರೆಯುತ್ತಿದ್ದ ಆ ಕಾಲದಲ್ಲಿ ಅವುಗಳ ನಡುವೆ ದುಭಾಷಿಯ ಕೆಲಸವನ್ನೂ ಅದೇ ಮಾಡಬೇಕಾಗಿತ್ತು.

ಊರಿನ ಅಂಚೆ ಕಚೇರಿಯನ್ನು ನೋಡಿ. ಕಿಟಕಿಯಲ್ಲಿ ಕುಳಿತವರು ಬೇರೆ, ವಿಂಗಡಿಸುವವರು ಬೇರೆ, ಹಂಚುವವರು ಬೇರೆ. ಕಿಟಕಿಗೆ ಬಂದವರು ಯಾರನ್ನು ಮರುಳುಮಾಡಿದರೂ ಖಜಾನೆಯ ಬೀಗದ ಕೈ ಸಿಕ್ಕುವುದಿಲ್ಲ. ಡೇನಿಯಲ್ ಬರ್ನ್‌ಸ್ಟೈನರ ಕ್ಯೂಮೇಲ್ ಈ ದಾರಿ ಹಿಡಿದಿತ್ತು. 1998ರಲ್ಲಿ ಐಬಿಎಂ ಸಂಶೋಧನಾಲಯದಲ್ಲಿದ್ದ ವೀಟ್ಸ ವೆನೆಮಾ ಪ್ರಕಟಿಸಿದ ಪೋಸ್ಟ್‌ಫಿಕ್ಸ್ ಕೂಡ ಕೆಲಸವನ್ನು ಸಣ್ಣ ಸಣ್ಣ ಕ್ರಮವಿಧಿಗಳಿಗೆ ಹಂಚಿ, ಹೊರಲೋಕದೊಡನೆ ಮಾತನಾಡುವ ಭಾಗಕ್ಕೆ ಅತ್ಯಲ್ಪ ಅಧಿಕಾರವನ್ನು ಕೊಟ್ಟಿತು. ಕೇಂಬ್ರಿಜ್‌ನಲ್ಲಿ 1995ರಲ್ಲಿ ಫಿಲಿಪ್ ಹೇಝಲ್ ಆರಂಭಿಸಿದ ಎಕ್ಸಿಮ್ ಬೇಕಾದಂತೆ ಬಗ್ಗುವ ತಂತ್ರಾಂಶ, ಆದರೆ ಏಕಶಿಲೆ. 2019ರಲ್ಲಿ ಅದರಲ್ಲಿ ಕಂಡ ದೋಷವೊಂದು ಹೊರಗಿನವರಿಗೆ ರೂಟ್ ಅಧಿಕಾರವನ್ನೇ ಒಪ್ಪಿಸಬಲ್ಲದ್ದಾಗಿತ್ತು. ಪೋಸ್ಟ್‌ಫಿಕ್ಸಿನಲ್ಲಿಯೂ ದೋಷಗಳು ಕಂಡಿವೆ. ಆದರೂ ಸಂಘದವರು ಕೇಳಿದರೆ ನಾನು ಹೇಳುವ ಹೆಸರು ಅದೇ.

ವಿದ್ಯುತ್ತು ಹೋಗಿ ಹಾಸನದ ಯಂತ್ರ ನಿಂತರೆ ನಮ್ಮ ಕಾಗದಗಳ ಗತಿಯೇನೆಂದು ಅರಕಲಗೂಡಿನವರು ಕೇಳಬಹುದು. ಇದಕ್ಕೆ ಹೆದರಬೇಕಾದುದಿಲ್ಲ. ಇ-ಮೇಲ್ ಸಾಗಣೆಯ ನಿಯಮಾವಳಿಯಾದ ಎಸ್‌ಎಂಟಿಪಿಯ ಪ್ರಕಾರ, ಕಳುಹಿಸುವ ಯಂತ್ರವು ತಲಪದ ಕಾಗದವನ್ನು ಸರತಿಯಲ್ಲಿಟ್ಟುಕೊಂಡು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಹೆದರಬೇಕಾದುದು ಅಲಕ್ಷ್ಯಕ್ಕೆ. ಅಪರಿಚಿತರ ಕಾಗದಗಳನ್ನೂ ಮುಂದಕ್ಕೆ ಸಾಗಿಸುವಂತೆ ಸರ್ವರನ್ನು ತೆರೆದಿಟ್ಟರೆ ವಂಚಕರು ಅದನ್ನು ಬೇಗನೆ ಪತ್ತೆಹಚ್ಚುತ್ತಾರೆ; ಸಂಘದ ಹೆಸರು ಕಪ್ಪುಪಟ್ಟಿಗೆ ಸೇರುತ್ತದೆ; ಆಮೇಲೆ ಸಾಲದ ಕಂತಿನ ನೆನಪೋಲೆ ಚನ್ನರಾಯಪಟ್ಟಣದ ಸದಸ್ಯನಿಗೆ ತಲಪುವುದೇ ಇಲ್ಲ. ಸಂಘದ ಹೆಸರಿನಲ್ಲಿ ಬರೆಯಲು ಯಾವ ಯಂತ್ರಕ್ಕೆ ಹಕ್ಕುಂಟೆಂದು ಸಾರುವ ಎಸ್‌ಪಿಎಫ್ ದಾಖಲೆ, ಕಾಗದಕ್ಕೆ ಮೊಹರು ಹಾಕುವ ಡಿಕಿಮ್ ಸಹಿ, ಕಾಲಕಾಲದ ತಿದ್ದುಪಡಿಗಳು, ಇವನ್ನೆಲ್ಲ ನೋಡಿಕೊಳ್ಳುವ ಒಬ್ಬರು ಬೇಕು. ಹಾಸನದಲ್ಲಿ 1960ರಿಂದ ಇಂಜಿನಿಯರಿಂಗ್ ಕಾಲೇಜು ಇದೆ. ಕಲಿತವರಿಗೇನೂ ಕೊರತೆಯಿಲ್ಲ, ಇಂಥ ಕೆಲಸಕ್ಕೆ ಸಂಬಳ ಕೊಡುವ ಮನಸ್ಸಿಗೆ ಉಂಟು. ಆ ಮನಸ್ಸಿಲ್ಲದಿದ್ದರೆ ಸಂಘದವರು ಸದ್ಯಕ್ಕೆ ಬೇರೆಯವರ ಸರ್ವರಿನಲ್ಲಿ ಬಾಡಿಗೆಗೆ ಜಾಗ ಹಿಡಿಯಲಿ. ವಿಳಾಸದ ಹೆಸರನ್ನು ಮಾತ್ರ ಸಂಘದ ಹೆಸರಿನಲ್ಲೇ ನೋಂದಾಯಿಸಿಕೊಳ್ಳಲಿ. ಮುಂದೆ ಸ್ವಂತ ಸರ್ವರಿಗೆ ಬರುವಾಗ ಸದಸ್ಯರು ಯಾರೂ ವಿಳಾಸ ಬದಲಾಯಿಸಬೇಕಾಗುವುದಿಲ್ಲ.